ಹೋಟೆಲಿನಿಂದ ಎದ್ದ ಸಿಗರೇಟು ಎಲ್ಲಿಗೆ ಹೋಯಿತು? – ಮುಂಬೈ ಕನ್ನಡಿಗರ ಚರ್ಚೆ

ಗಲ್ಲಾದಣ್ಣ (ಮೀರಾ ರೋಡ್)

ಫೋರ್ಟಿನ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರ್ ಇರುವ ಹೋಟೆಲಿನಲ್ಲಿ, ಗಲ್ಲಾದ ಮೇಲೆ ಕೂತು ಆಯುಷ್ಯ ಕಳೆದವನು ನಾನು. 2008ರ ಅಕ್ಟೋಬರ್ 2ಕ್ಕೆ ಹೋಟೆಲಿನೊಳಗೆ ಸಿಗರೇಟು ಬಂದ್ ಆಯಿತು. ಗಾಂಧಿ ಜಯಂತಿ, ಹೇಗೂ ಡ್ರೈ ಡೇ, ಬಾರ್ ಮುಚ್ಚಿತ್ತು. ಹುಡುಗರೆಲ್ಲ ಸೇರಿ ಟೇಬಲಿನ ಮೇಲಿದ್ದ ಆಶ್‌ಟ್ರೇಗಳನ್ನು ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದೆವು. ಮರುದಿನ ಶುರುವಾಯಿತು ನೋಡಿ ತಮಾಷೆ.

ಎರಡು ಪೆಗ್ ಏರಿಸಿದ ಗಿರಾಕಿ ಎದ್ದು ಹೊರಗೆ ಹೋಗುತ್ತಾನೆ. ಬಿಲ್ಲು ಕೊಟ್ಟಿಲ್ಲ. ಹಿಂದೆ ಹುಡುಗನನ್ನು ಕಳಿಸಿದರೆ "ನನ್ನನ್ನು ಕಳ್ಳ ಅಂದ್ಕೊಂಡ್ಯಾ" ಅಂತ ಜಗಳ. ಕಳಿಸದಿದ್ದರೆ ಆ ಬಿಲ್ಲು ವೇಟರನ ತಲೆಗೆ. ಕೊನೆಗೆ ಮಾಲೀಕ ಸೇಟು ಒಂದು ಉಪಾಯ ಹೇಳಿದರು: ಹೊರಗೆ ಹೋಗುವವರ ಬ್ಯಾಗೋ ಹೆಲ್ಮೆಟ್ಟೋ ಟೇಬಲಿನಲ್ಲೇ ಇರಬೇಕು. ಒಬ್ಬ ಪುಣ್ಯಾತ್ಮ ಹರಕು ಹೆಲ್ಮೆಟ್ ಬಿಟ್ಟು ಹೋದವನು ಇವತ್ತಿನವರೆಗೆ ಬಂದಿಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ಟೇಬಲಿನದು. ನಾಲ್ಕು ಜನ ಕೂತರೆ ಇಬ್ಬರು ಹೊರಗೆ, ಇಬ್ಬರು ಒಳಗೆ. ಒಳಗಿದ್ದವರು ಮಾತಿಲ್ಲದೆ ಚಖನಾ, ಅಂದರೆ ಪೆಗ್ಗಿನ ಜೊತೆಯ ಕುರುಕಲು, ಮುಗಿಸುತ್ತಾರೆ. ಹೊರಗೆ ಹೋದವರು ಬೇರೆ ಟೇಬಲಿನವರ ಜೊತೆ ದೋಸ್ತಿ ಮಾಡಿಕೊಂಡು ಬರುತ್ತಾರೆ. ವರ್ಷಗಟ್ಟಲೆ ಒಟ್ಟಿಗೆ ಕೂರುತ್ತಿದ್ದ ಬ್ಯಾಂಕಿನವರ ಒಂದು ಗುಂಪು ಹೀಗೇ ಒಡೆದು ಎರಡಾದದ್ದು ನನ್ನ ಕಣ್ಣೆದುರಿಗೆ.

ಒಳಗಿನ ಹೊಗೆ ಹೋಯಿತು, ಒಳ್ಳೆಯದೇ. ಆದರೆ ಆ ಹೊಗೆ ಫುಟ್‌ಪಾತಿನಲ್ಲಿ ಬಸ್ಸಿಗೆ ಕಾಯುವವರ ಮುಖಕ್ಕೆ ಹೋಯಿತು, ರಾತ್ರಿ ಮನೆಯೊಳಗೂ ಹೊಕ್ಕಿತು ಅಂತ ನನ್ನ ಲೆಕ್ಕ. ಸೇದುವುದು ಕಡಿಮೆ ಆಗಿಲ್ಲ, ಜಾಗ ಬದಲಾಗಿದೆ ಅಷ್ಟೆ. ನಿಮ್ಮ ಅನುಭವ ಎಂತ? ಆಫೀಸು, ಸಂಘ, ಮನೆ, ಎಲ್ಲಿಯದಾದರೂ ಬರೆಯಿರಿ.

ಐರೋಲಿ ಕೋಡು

ಅಣ್ಣಾ, ನಿಮ್ಮ ಹೋಟೆಲಿನ ಟೇಬಲ್ ಒಡೆದ ಹಾಗೆ ನಮ್ಮ ಟೀಮೂ ಒಡೆದಿದೆ. ಕ್ಯಾಂಪಸ್ಸಿನೊಳಗೆ ಸೇದುವ ಹಾಗಿಲ್ಲ. ಗೇಟಿನಾಚೆ ಟಪರಿ, ಚಹಾ-ಸಿಗರೇಟಿನ ಗೂಡಂಗಡಿ. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಸಮೇತ ಏಳೆಂಟು ಗಂಡಸರು ಅಲ್ಲಿ. ಯಾರನ್ನು ಯಾವ ಪ್ರಾಜೆಕ್ಟಿಗೆ ಹಾಕಬೇಕು, ಆನ್‌ಸೈಟ್‌ಗೆ ಯಾರು, ಎಲ್ಲ ಒಂದು ಕಟಿಂಗ್ ಚಹಾದಲ್ಲಿ ತೀರ್ಮಾನ. ಆಮೇಲೆ ಮೀಟಿಂಗ್ ರೂಮಿನಲ್ಲಿ ನಮಗೆ ಅದನ್ನೇ ಸ್ಲೈಡಿನಲ್ಲಿ ತೋರಿಸುತ್ತಾರೆ.

ನಾನು ಸೇದಲ್ಲ. ಸ್ವಲ್ಪ ದಿನ ಸುಮ್ಮನೆ ಚಹಾ ನೆಪದಲ್ಲಿ ಹೋಗಿ ನಿಂತೆ. ನಾನು ಹೋದ ತಕ್ಷಣ ಮಾತು ಕ್ರಿಕೆಟ್ಟಿಗೆ ತಿರುಗುತ್ತಿತ್ತು. ಕೂದಲು, ದುಪಟ್ಟಾ ಎಲ್ಲ ಹೊಗೆ ವಾಸನೆ. ಮನೆಗೆ ಬಂದರೆ ಪಿಜಿ ಆಂಟಿಯ ನೋಟ ಬೇರೆ. ಸಾಕಪ್ಪ ಅಂತ ಬಿಟ್ಟೆ.

ನಿಷೇಧ ಬೇಡ ಅಂತ ನಾನು ಹೇಳುತ್ತಿಲ್ಲ. ಆಫೀಸಿನ ಒಳಗೆ ಸೇದುವ ಕಾಲದಲ್ಲಿ ಕೆಲಸ ಮಾಡಿದ ಸೀನಿಯರ್ ಮೇಡಂ ಹೇಳುವುದು ಕೇಳಿದರೆ ಈಗಿನದು ಸ್ವರ್ಗ. ಆದರೆ ಸಿಗರೇಟಿನ ಜೊತೆ ಅಧಿಕಾರವೂ ಗೇಟಿನಾಚೆ ಹೋಗಿ ನಿಂತಿದೆ.

ಸುಟ್ಟಾ ಸ್ವಾಮಿ

ಮೇಡಂ, ಟಪರಿಯನ್ನ ಅಷ್ಟು ಬೈಬೇಡಿ. ಈ ಊರಲ್ಲಿ ಬಾಸೂ ಡ್ರೈವರೂ ಒಂದೇ ಲೈಟರಿಗೆ ಬಗ್ಗೋ ಜಾಗ ಅದೊಂದೇ. ನಾನು ಬೆಂಗಳೂರಿಂದ ಬಂದಾಗ ಮರಾಠಿ ಬರ್ತಿರಲಿಲ್ಲ, ಹಿಂದಿ ಕೂಡ ಅಷ್ಟಕ್ಕಷ್ಟೆ. "ಮಾಚಿಸ್ ಆಹೇ ಕಾ" (ಬೆಂಕಿಪೊಟ್ಟಣ ಇದ್ಯಾ) ಅನ್ನೋದೇ ನಾನು ಕಲಿತ ಮೊದಲ ಮರಾಠಿ. ರೂಮ್ ಸಿಕ್ಕಿದ್ದು ಟಪರಿಯಲ್ಲಿ, ಈಗಿರೋ ಕೆಲಸದ ಸುದ್ದಿ ಸಿಕ್ಕಿದ್ದೂ ಟಪರಿಯಲ್ಲಿ. ಒಳಗೇ ಸೇದೋ ಹಾಗಿದ್ದಿದ್ರೆ ನಾನು ನಮ್ಮ ಫ್ಲೋರ್ ಬಿಟ್ಟು ಯಾರನ್ನೂ ಮಾತಾಡಿಸ್ತಿರಲಿಲ್ಲ.

ಇನ್ನು ದಂಡದ ವಿಷಯ. 200 ರೂಪಾಯಿ. ಈ ಊರಲ್ಲಿ ಆ ದುಡ್ಡಿಗೆ ಯಾರು ಹೆದರ್ತಾರೆ? ನಮ್ಮನ್ನ ಹೊರಗೆ ಕಳಿಸಿದ್ದು ದಂಡ ಅಲ್ಲ, ಪಕ್ಕದ ಟೇಬಲ್ಲಿನ ಆಂಟಿ ಮೂಗು ಮುಚ್ಕೊಳ್ಳೋದು. ಮೊದಲು ಅವರು ಸಹಿಸ್ಕೋತಿದ್ರು, ಈಗ ನಾವು ಸಹಿಸ್ಕೋಬೇಕು. ಅದು ನ್ಯಾಯ, ಒಪ್ತೀನಿ.

ಐರೋಲಿ ಕೋಡು

ಸ್ವಾಮಿಗಳೇ, ಬಾಸೂ ಡ್ರೈವರೂ ಒಂದೇ ಲೈಟರಿಗೆ ಬಗ್ಗುತ್ತಾರೆ, ಸರಿ. ಹುಡುಗಿ ಬಗ್ಗಿದರೆ? ನಮ್ಮ ಟೀಮಿನಲ್ಲಿ ಸೇದುವ ಹುಡುಗಿ ಇದ್ದಾಳೆ. ಗೇಟಿನ ಟಪರಿಗೆ ಅವಳು ಹೋಗಲ್ಲ. ಎರಡು ಸಿಗ್ನಲ್ ದಾಟಿ ಯಾರೂ ಪರಿಚಯ ಇಲ್ಲದ ಕಡೆ ಹೋಗುತ್ತಾಳೆ, ಅಲ್ಲಿಯೂ ಆಟೋದವರು ನಿಧಾನ ಮಾಡಿ ನೋಡಿ ಹೋಗುತ್ತಾರೆ. ಮೊದಲಾದರೆ ಪಬ್ಬಿನ ಮೂಲೆಯಾದರೂ ಇತ್ತು ಅಂತಾಳೆ.

ಸುಟ್ಟಾ ಸ್ವಾಮಿ

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮೇಡಂ.

ಕೋರ್ಟುಕಚೇರಿ

ಗಲ್ಲಾದಣ್ಣನವರೇ, ಎಲ್ಲರೂ 2008ರಿಂದ ಲೆಕ್ಕ ಹಾಕುತ್ತಾರೆ. ಕಥೆ ಹಳೆಯದು, ಅದರಲ್ಲಿ ನಮ್ಮ ಮುಂಬೈಯದೇ ಒಂದು ಪಾತ್ರ ಇದೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಲ್ಲಿಸಿ ಎಂದು 1999ರಲ್ಲಿ ಕೇರಳ ಹೈಕೋರ್ಟ್ ಹೇಳಿತ್ತು. ಅದಕ್ಕೂ ಮೊದಲು 1997ರಲ್ಲಿ ಗೋವಾ ತನ್ನದೇ ಕಾಯ್ದೆ ಮಾಡಿತ್ತು, ಧೂಮಪಾನದ ಜೊತೆಗೆ ಉಗುಳುವುದನ್ನೂ ಸೇರಿಸಿ. ಇಡೀ ದೇಶಕ್ಕೆ ಆದೇಶ ಬಂದದ್ದು 2001ರ ನವೆಂಬರ್ 2ರಂದು, ಸುಪ್ರೀಂ ಕೋರ್ಟಿನಿಂದ. ಅರ್ಜಿದಾರರು ಮುರಳಿ ದೇವ್ರಾ. ಒಂದು ಕಾಲಕ್ಕೆ ಈ ಊರಿನ ಮೇಯರ್, ಆಮೇಲೆ ದಕ್ಷಿಣ ಮುಂಬೈಯ ಸಂಸದ. ಆ ಆದೇಶದಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕೋರ್ಟು, ಸರ್ಕಾರಿ ಕಚೇರಿ, ಸಭಾಂಗಣ, ರೈಲು-ಬಸ್ಸು ಇದ್ದವು. ಹೋಟೆಲ್ ಇರಲಿಲ್ಲ. ನಿಮ್ಮ ಆಶ್‌ಟ್ರೇಗಳಿಗೆ ಇನ್ನೂ ಆಯುಷ್ಯ ಇತ್ತು.

ಕೇಂದ್ರದ ತಂಬಾಕು ಕಾಯ್ದೆ 2003ರದು. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದು ಎನ್ನುವ ಅದರ 4ನೇ ಕಲಂ ಜಾರಿಯಾದದ್ದು 2004ರ ಮೇ 1ರಿಂದ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅನ್ಬುಮಣಿ ರಾಮದಾಸ್ ಆರೋಗ್ಯ ಮಂತ್ರಿ ಆಗಿದ್ದಾಗ 2008ರ ನಿಯಮಗಳು ಬಂದವು. ಅವು ಹೋಟೆಲಿನವರಿಗೆ ಬಿಸಿ ಮುಟ್ಟಿಸಿದ್ದಕ್ಕೆ ಕಾರಣ ಇದೆ: ಗಿರಾಕಿ ಸೇದಿದರೆ ಹೊಣೆ ಮಾಲೀಕನದೂ ಹೌದು ಎಂದವು. ಬಾಗಿಲಲ್ಲಿ ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬೋರ್ಡು ಹಾಕಬೇಕು. ದೂರು ಯಾರಿಗೆ ಕೊಡಬೇಕೋ ಅವರ ಹೆಸರು ಬರೆಯಬೇಕು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೊಡುವಂತಿಲ್ಲ. ದೂರು ಬಂದರೂ ಸುಮ್ಮನಿದ್ದರೆ, ಒಳಗೆ ಎಷ್ಟು ಜನ ಸೇದಿದರೋ ಅಷ್ಟರ ದಂಡ ಮಾಲೀಕನಿಗೆ.

ಸ್ವಾಮಿಯವರಿಗೆ ಒಂದು ಎಚ್ಚರಿಕೆ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ದಂಡವನ್ನು 1000 ರೂಪಾಯಿ ಮಾಡಿದೆ, ವಯಸ್ಸಿನ ಮಿತಿ 18ರಿಂದ 21ಕ್ಕೆ ಏರಿದೆ. ಊರಿಗೆ ಹೋದಾಗ ಮುಂಬೈ ಗತ್ತು ತೋರಿಸಬೇಡಿ. ರೈಲಿನಲ್ಲಿ ಹೋಗುವುದಾದರೆ 1989ರ ರೈಲ್ವೆ ಕಾಯ್ದೆಯ 167ನೇ ಕಲಂ ಬೇರೆ ಇದೆ. ಅದರಲ್ಲಿ ಬರೆದಿದ್ದ ದಂಡ 100 ರೂಪಾಯಿವರೆಗೆ ಮಾತ್ರ!

ಗಲ್ಲಾದಣ್ಣ (ಮೀರಾ ರೋಡ್)

ವಕೀಲರೇ, ಆ 30 ಸೀಟಿನ ವಿಷಯ ಬಿಟ್ಟಿರಿ ನೀವು. ನಮ್ಮವರಿಗೆ ಹೊಟ್ಟೆ ಉರಿದದ್ದು ಅಲ್ಲಿ. 30 ಅಥವಾ ಹೆಚ್ಚು ಸೀಟಿದ್ದ ರೆಸ್ಟೋರೆಂಟು, 30 ಕೋಣೆಯಿದ್ದ ಹೋಟೆಲು, ಏರ್‌ಪೋರ್ಟು, ಇವರು ಪ್ರತ್ಯೇಕ ಸ್ಮೋಕಿಂಗ್ ರೂಮ್ ಮಾಡಬಹುದು. ನಾಲ್ಕು ಕಡೆ ಪೂರ್ತಿ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ಹೊರಗೆ ಎಳೆಯುವ ಯಂತ್ರ. ಅದಕ್ಕೆ ಹಾಕುವ ದುಡ್ಡಿನಲ್ಲಿ ನಮ್ಮ ಸೇಟು ಊರಲ್ಲಿ ದೈವಸ್ಥಾನ ಜೀರ್ಣೋದ್ಧಾರ ಮಾಡುತ್ತಿದ್ದರು. ಸ್ಟಾರ್ ಹೋಟೆಲಿನವನಿಗೆ ಸೋಫಾ ಹಾಕಿದ ಗಾಜಿನ ಕೋಣೆ, ಉಡುಪಿ ಹೋಟೆಲಿನ ಗಿರಾಕಿಗೆ ಗಟಾರದ ಬದಿ.

ಒಂದು ಒಳ್ಳೆಯದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಾಪ ಬರುತ್ತದೆ. ನಿಷೇಧದ ನಂತರ ನಮ್ಮ ಎಸಿ ಸೆಕ್ಷನ್ನಿಗೆ ಸಂಸಾರಸ್ಥರು ಬರಲು ಶುರು ಮಾಡಿದರು. ಮೊದಲು ಫ್ಯಾಮಿಲಿ ಅಂದರೆ ಮೇಲಿನ ಮಾಳಿಗೆಯ ಪರದೆ ಹಾಕಿದ ಬೂತು. ಈಗ ಅಜ್ಜಿ ಮೊಮ್ಮಕ್ಕಳು ಕೆಳಗೇ ಕೂತು ನೀರುದೋಸೆ, ಸುಕ್ಕ ತಿನ್ನುತ್ತಾರೆ. ಬಾರಿನ ಗಲ್ಲಾ ಸ್ವಲ್ಪ ಇಳಿಯಿತು, ಊಟದ್ದು ಏರಿತು. ಸೇಟು ಮಾತ್ರ ಇಂದಿಗೂ ಇಳಿದದ್ದನ್ನೇ ಹೇಳುತ್ತಾರೆ.

ಡೊಂಬಿವಲಿ ಅಕ್ಕ

ನೀವೆಲ್ಲ ಹೋಟೆಲ್, ಆಫೀಸು ಅಂತಿದ್ದೀರಿ. ಮನೆ ಬಗ್ಗೆ ಯಾರಾದರೂ ಮಾತಾಡಿ. ನಮ್ಮ ಸೊಸೈಟಿಯಲ್ಲಿ ಲಿಫ್ಟು, ಮೆಟ್ಟಿಲು, ಟೆರೇಸು ಎಲ್ಲ ಕಡೆ "ಧೂಮ್ರಪಾನ ನಿಷಿದ್ಧ" ಬೋರ್ಡು ಹಾಕಿದರು. ಆದದ್ದೇನು? ಮೆಟ್ಟಿಲಲ್ಲಿ ಸೇದುತ್ತಿದ್ದವರು ಈಗ ಬಾಲ್ಕನಿಯಲ್ಲಿ, ಬಾತ್‌ರೂಮಿನಲ್ಲಿ. ನಮ್ಮ ಕಟ್ಟಡದಲ್ಲಿ ಬಾತ್‌ರೂಮಿನ ಗಾಳಿಕಂಡಿಗಳೆಲ್ಲ ಒಂದೇ ಡಕ್ಟಿಗೆ ತೆರೆಯುತ್ತವೆ. ಕೆಳಗಿನ ಮನೆಯವರು ಹಚ್ಚಿದರೆ ನಮ್ಮ ಮನೆಯಲ್ಲಿ ಪೂಜೆಗೆ ಸ್ನಾನ ಮಾಡುವ ಅತ್ತೆಗೆ ಹೊಗೆಯ ಅಭಿಷೇಕ.

ಚಾಳಿನಲ್ಲಿ, ಅಂದರೆ ಒಂದೇ ಗ್ಯಾಲರಿಗೆ ತೆರೆಯುವ ಸಣ್ಣ ಮನೆಗಳ ಸಾಲಿನಲ್ಲಿ, ಬೆಳೆದವಳು ನಾನು, ಮುಂಬೈಯ ಲಾಲ್‌ಬಾಗಿನಲ್ಲಿ. ಅಲ್ಲಿ ಗ್ಯಾಲರಿಯಲ್ಲಿ ಅಪ್ಪ, ಪಕ್ಕದ ಮನೆಯ ಕಾಕಾ ಎಲ್ಲ ಬೀಡಿ ಹಚ್ಚಿ ಮಿಲ್ಲಿನ ಸುದ್ದಿ ಮಾತಾಡುತ್ತಿದ್ದರು. ಹೊಗೆ ಎಲ್ಲರ ಮನೆಗೂ ಬರುತ್ತಿತ್ತು. ಆದರೆ ಅಮ್ಮ ಬಾಗಿಲಲ್ಲಿ ನಿಂತು "ಪಾಪು ಮಲಗಿದೆ, ಆಚೆ ಹೋಗಿ" ಅಂದರೆ ಹೋಗುತ್ತಿದ್ದರು. ಈಗ ಬಾಗಿಲು ಮುಚ್ಚಿದ ಫ್ಲ್ಯಾಟು, ಯಾರಿಗೆ ಹೇಳುವುದು? ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಜಗಳ. ವಕೀಲರೇ, ಬಾಲ್ಕನಿ ಸಾರ್ವಜನಿಕ ಸ್ಥಳ ಹೌದೋ ಅಲ್ಲವೋ? ಜನರಲ್ ಬಾಡಿ ಮೀಟಿಂಗ್ ಬರುತ್ತಿದೆ, ನಾನು ಕಮಿಟಿಯಲ್ಲಿದ್ದೇನೆ.

ಕೋರ್ಟುಕಚೇರಿ

ಅಕ್ಕ, ಬಾಲ್ಕನಿ ಅವರ ಮನೆಯ ಭಾಗ, ಜನ ಬಂದು ಹೋಗುವ ಸ್ಥಳವಲ್ಲ. ಕಾಯ್ದೆ ಅಲ್ಲಿಗೆ ಬರುವುದಿಲ್ಲ. ದಂಡ ಹಾಕುವವರು ಯಾರೆಂಬ ಪಟ್ಟಿ ನಿಯಮಗಳಲ್ಲೇ ಇದೆ, ಅದರಲ್ಲಿ ಸೊಸೈಟಿ ಸೆಕ್ರೆಟರಿ ಇಲ್ಲ. ಜನರಲ್ ಬಾಡಿಯಲ್ಲಿ ಎಲ್ಲರೂ ಒಪ್ಪುವ ಒಂದು ಕಟ್ಟಳೆ ಮಾಡಿಕೊಳ್ಳಿ. ಅದು ಕಾನೂನಿಗಿಂತ ನೆರೆಹೊರೆಯ ದಾಕ್ಷಿಣ್ಯದ ಮೇಲೆ ನಡೆಯುವ ಮಾತು.

ಪರೇಲ್ ಸಿಸ್ಟರ್

ಡ್ಯೂಟಿ ಮುಗಿಸಿ ಓದುತ್ತಿದ್ದೇನೆ. ಗಲ್ಲಾದಣ್ಣ, "ಸೇದುವುದು ಕಡಿಮೆ ಆಗಿಲ್ಲ, ಮನೆಯೊಳಗೆ ಹೊಕ್ಕಿತು" ಅಂದಿರಲ್ಲ, ಅದು ಅಂಕಿಗಳಿಗೆ ಹೊಂದುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ ವಯಸ್ಕರ ತಂಬಾಕು ಸಮೀಕ್ಷೆ ಎರಡು ಸಲ ಆಗಿದೆ. 2009–10ರಲ್ಲಿ ದೇಶದ ವಯಸ್ಕರಲ್ಲಿ ಶೇ. 14 ಜನ ಸೇದುತ್ತಿದ್ದರು, 2016–17ಕ್ಕೆ ಶೇ. 10.7. ಮನೆಯಲ್ಲಿ ಬೇರೆಯವರ ಹೊಗೆ ಕುಡಿಯುವವರು ಶೇ. 52.3 ಇದ್ದದ್ದು 38.7ಕ್ಕೆ ಇಳಿಯಿತು. ಹೊಗೆ ಮನೆಗೆ ನುಗ್ಗಿದ್ದರೆ ಈ ಸಂಖ್ಯೆ ಏರಬೇಕಿತ್ತು. ಹೊರಗೆ ಸೇದಬಾರದು ಅನ್ನುವುದು ರೂಢಿಯಾದಾಗ ಮನೆಯಲ್ಲೂ "ಮಗು ಇದೆ" ಅನ್ನುವ ಧೈರ್ಯ ಹೆಂಗಸರಿಗೆ ಬಂದಿರಬೇಕು ಅಂತ ನನ್ನ ಎಣಿಕೆ. ಆದರೂ ಶೇ. 38.7 ಸಣ್ಣ ಸಂಖ್ಯೆ ಅಲ್ಲ. ಡೊಂಬಿವಲಿ ಅಕ್ಕನ ಅತ್ತೆ ಆ ಲೆಕ್ಕದಲ್ಲಿ ಬರುವುದೂ ಇಲ್ಲ, ಪಕ್ಕದ ಮನೆಯ ಹೊಗೆ ಅಲ್ಲವೇ ಅದು.

ಮಹಾರಾಷ್ಟ್ರದ ಅಂಕಿ ಇನ್ನೂ ವಿಚಿತ್ರ. ಅದೇ 2016–17ರಲ್ಲಿ ಇಲ್ಲಿ ಸೇದುವವರು ಶೇ. 3.8 ಮಾತ್ರ. ತಂಬಾಕು ಜಗಿಯುವ, ತಿಕ್ಕುವ, ಬಾಯಲ್ಲಿ ಇಟ್ಟುಕೊಳ್ಳುವವರು ಶೇ. 24.4. ನನ್ನ ವಾರ್ಡಿನಲ್ಲಿ ಮಲಗಿರುವವರ ಬಾಯಿ ನೋಡಿದರೆ ಇದಕ್ಕೆ ಸಮೀಕ್ಷೆಯೇ ಬೇಡ. ಕಲಬುರಗಿ, ವಿಜಯಪುರದಿಂದ ಬರುತ್ತಾರೆ, ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ, ಇಲ್ಲವಾದರೆ ಫುಟ್‌ಪಾತು. ದವಡೆ ತೆರೆಯಲು ಆಗುವುದಿಲ್ಲ, ಕನ್ನಡದಲ್ಲಿ ಮಾತಾಡಿಸಿದರೆ ಕಣ್ಣಲ್ಲಿ ನೀರು.

ನಿಪ್ಪಾಣಿ ಹುಡುಗ

ಸಿಸ್ಟರ್ ಖರೇ ಹೇಳ್ಯಾರ್ರಿ. ನಾ ವಾಶಿ ಮಾರ್ಕೆಟ್ಟಿನ್ಯಾಗ ಟ್ರಾನ್ಸ್‌ಪೋರ್ಟ್ ಕೆಲಸ ಮಾಡ್ತೀನಿ. ನಮ್ಮ ಗೋಡೌನಿನ್ಯಾಗ "ನೋ ಸ್ಮೋಕಿಂಗ್" ಬೋರ್ಡ್ ಹಾಕಿದ ಮ್ಯಾಲೆ ಹಮಾಲರೆಲ್ಲಾ ಬೀಡಿ ಬಿಟ್ರು, ಅಂಗೈ ಮ್ಯಾಲ ತಂಬಾಕ ಸುಣ್ಣ ತಿಕ್ಕಾಕ ಹತ್ತಿದ್ರು. ಹೊಗಿ ಇಲ್ಲ, ಬೆಂಕಿ ಇಲ್ಲ, ಯಾರರ ಹೊರಗ ಹೋಗು ಅಂತಾರೇನು? ಕೆಲಸ ನಿಲ್ಲಂಗಿಲ್ಲ, ಮುಕಾದಮ್ ಖುಷ್. ಗುಟ್ಕಾ 2012ರಾಗ ಬಂದ್ ಮಾಡ್ಯಾರ, ಅಡಿಕಿ-ತಂಬಾಕ ಕೂಡಿಸಿದ ಮಾವಾ ಮಾತ್ರ ಮೂಲಿಮೂಲಿಗೂ ಸಿಗತೈತಿ.

ನಮ್ಮೂರಿನ ಮಾತ ಬ್ಯಾರೆ. ನಿಪ್ಪಾಣಿ ಅಂದ್ರ ತಂಬಾಕ, ತಂಬಾಕ ಅಂದ್ರ ನಿಪ್ಪಾಣಿ. 1981ರಾಗ ಶರದ್ ಜೋಶಿ ಅವರು ತಂಬಾಕ ರೈತರನ್ನ ಕೂಡಿಸಿ ಪುಣೆ-ಬೆಂಗಳೂರು ರಸ್ತೆ ಬಂದ್ ಮಾಡಿದ್ದು ನಮ್ಮ ಅಜ್ಜ ಈಗೂ ಹೇಳ್ತಾನ. ನಮ್ಮ ಆಯಿ ದಿನಾ ಮುಂಜಾನೆ ಮಿಶ್ರಿ ಹಚ್ಚತಾಳ. ತಂಬಾಕ ಹುರದ ಕರೀ ಪುಡಿ ಮಾಡಿ ಹಲ್ಲ ತಿಕ್ಕೂದು. ಆಕಿಗೆ ಅದು ಚಟ ಅಲ್ರೀ, ಹಲ್ಲಪುಡಿ. ಯಾವ ಬೋರ್ಡ್ ಹಚ್ಚತೀರಿ ಆಕಿ ಬಚ್ಚಲದಾಗ?

ಬೀಡಿ ಬ್ರಾಂಚು (ನಾಲಾಸೋಪಾರಾ)

ನಿಪ್ಪಾಣಿಯವರು ಬರೆದದ್ದಕ್ಕೆ ನಾನೂ ಬಾಯಿ ಬಿಡುತ್ತೇನೆ. ನನ್ನದು ಮೂಡಬಿದಿರೆ ಕಡೆ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದ್ದು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಎಲೆ ನೆನೆಸಿ ಕತ್ತರಿಸುವುದು, ರಾತ್ರಿ ಚಿಮಿಣಿ ಬೆಳಕಿನಲ್ಲಿ ಕಟ್ಟುವುದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಬ್ರಾಂಚಿನವನು ಬೀಡಿ ಸರಿ ಇಲ್ಲ ಅಂತ ಒಂದು ಹಿಡಿ ತೆಗೆದು ಬದಿಗೆ ಹಾಕಿದರೆ ಆ ದಿನ ಮನೆಯಲ್ಲಿ ಮೀನು ಇಲ್ಲ. ನಾನು ಹೈಸ್ಕೂಲು ಓದಿದ್ದು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಸ್ಕಾಲರ್‌ಶಿಪ್ಪಿನಲ್ಲಿ. ಅಮ್ಮ ಒಂದು ಬೀಡಿ ಸೇದಿದವರಲ್ಲ, ಆದರೆ ಆ ಸೊಪ್ಪಿನ ಘಾಟು ಅವರ ಕೆಮ್ಮಿನಲ್ಲಿ ಈಗಲೂ ಉಂಟು.

ಇಲ್ಲಿ ಟಪರಿಯಲ್ಲಿ ಬೀಡಿ ಕಟ್ಟು ಕಂಡಾಗ ನನ್ನ ಕೈ ತಾನಾಗಿ ಅದನ್ನು ತಿರುಗಿಸಿ ನೋಡುತ್ತದೆ, ಎಲೆ ಹೇಗೆ ಮಡಚಿದ್ದಾರೆ ಅಂತ. ಇನ್ನೊಂದು ಗಮನಿಸಿದ್ದೀರಾ? 2020ರಲ್ಲಿ ಮಹಾರಾಷ್ಟ್ರ ಸಿಗರೇಟು, ಬೀಡಿಯನ್ನು ಒಂದೊಂದೇ ಬಿಡಿಯಾಗಿ ಮಾರುವುದನ್ನು ನಿಷೇಧಿಸಿತು. ಪೊಟ್ಟಣ ಸಮೇತ ಕೊಳ್ಳಬೇಕು, ಅದರ ಮೇಲೆ ಶೇ. 85ರಷ್ಟು ಜಾಗದಲ್ಲಿ ಕ್ಯಾನ್ಸರಿನ ಚಿತ್ರ, ಎಚ್ಚರಿಕೆಯ ಮಾತು. ಒಂದೊಂದೇ ಕೊಳ್ಳುವವನಿಗೆ ಆ ಚಿತ್ರ ಕಾಣುವುದೇ ಇಲ್ಲವಲ್ಲ. ಉದ್ದೇಶ ಒಳ್ಳೆಯದು. ನಮ್ಮ ಸ್ಟೇಷನ್ ಹೊರಗಿನ ಭಯ್ಯಾ ಇವತ್ತಿಗೂ ಒಂದೊಂದೇ ಕೊಡುತ್ತಾನೆ, ಸಿಗರೇಟು ಹಚ್ಚಿಕೊಳ್ಳಲು ಕಂಬಕ್ಕೆ ಕಟ್ಟಿದ ಹಗ್ಗ ಇವತ್ತಿಗೂ ಹೊಗೆಯಾಡುತ್ತದೆ. ಪೊಲೀಸು ಬರುವ ಹೊತ್ತು ಅವನಿಗೆ ಗೊತ್ತು.

ಸುಟ್ಟಾ ಸ್ವಾಮಿ

ಬ್ರಾಂಚಣ್ಣ, ಒಂದೊಂದೇ ಮಾರೋದು ನಿಜವಾಗಿ ನಿಂತ್ರೆ ನನ್ನಂಥವನು ದಿನಕ್ಕೆ ಜಾಸ್ತಿ ಸೇದ್ತಾನೆ. ಪ್ಯಾಕು ಜೇಬಲ್ಲಿದ್ರೆ ಕೈ ಸುಮ್ಮನಿರಲ್ಲ. ಈಗ ಬೇಕು ಅಂದ್ರೆ ಎದ್ದು, ಲಿಫ್ಟ್ ಕಾದು, ಗೇಟ್ ದಾಟಿ ಹೋಗ್ಬೇಕು. ಮಳೆಗಾಲದಲ್ಲಂತೂ ಅರ್ಧಕ್ಕರ್ಧ ಸಲ ಸೋಮಾರಿತನಕ್ಕೇ ಬಿಟ್ಬಿಡ್ತೀನಿ. ಸಿಸ್ಟರ್ ಹೇಳಿದ ಆ ಇಳಿದ ಲೆಕ್ಕದಲ್ಲಿ ನನ್ನ ಸೋಮಾರಿತನದ್ದೂ ಒಂದು ಪಾಲಿರಬಹುದು.

ಚೌಕಿಮನೆ

ನಮ್ಮ ಯಕ್ಷಗಾನ ಮಂಡಳಿಯ ಮಾತು ಹೇಳುತ್ತೇನೆ. ಮೊದಲೆಲ್ಲ ಸಭಾಂಗಣದ ಹಿಂದಿನ ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಕೋಣೆಯೊಳಗೆ, ಕಾಲಿಟ್ಟರೆ ಕಣ್ಣು ಉರಿಯುತ್ತಿತ್ತು. ಬಣ್ಣ ಹಚ್ಚುವಾಗ ಒಂದು, ಗೆಜ್ಜೆ ಕಟ್ಟುವಾಗ ಒಂದು, ರಂಗದಿಂದ ಬಂದು ಬೆವರು ಒರೆಸುವಾಗ ಒಂದು. ಕಿರೀಟ ತೆಗೆಯದೆ ಸೇದುವ ರಾವಣನನ್ನು ನೋಡಿಯೇ ನಾನು ದೊಡ್ಡವನಾದದ್ದು. ಸಭಾಂಗಣದವರು ಡಿಪಾಸಿಟ್ ಹಿಡಿಯುತ್ತೇವೆ ಅಂತ ಕಡ್ಡಾಯ ಮಾಡಿದ ಮೇಲೆ ಅದು ನಿಂತಿತು. ಈಗ ಚೌಕಿಗೆ ತಾಯಂದಿರು ಹೆಣ್ಣುಮಕ್ಕಳನ್ನು ಕರೆತರುತ್ತಾರೆ, ಹುಡುಗಿಯರು ಕೂತು ಮುಖವರ್ಣಿಕೆ ಕಲಿಯುತ್ತಾರೆ. ಮೊದಲು ಇದು ಆಗುವ ಮಾತೇ ಆಗಿರಲಿಲ್ಲ.

ಕಳೆದುಕೊಂಡದ್ದೂ ಉಂಟು ಮಾರಾಯ್ರೆ. ಹಿರಿಯ ವೇಷಧಾರಿಗಳು ಚೌಕಿಯಲ್ಲಿ ಕೂತು ಸೇದುತ್ತ ಪ್ರಸಂಗದ ಒಳಗುಟ್ಟು ಹೇಳುತ್ತಿದ್ದರು, ಯಾವ ಪದ್ಯಕ್ಕೆ ಯಾವ ಅರ್ಥ ಎತ್ತಬೇಕು ಅಂತ. ಈಗ ಅವರು ಪಾರ್ಕಿಂಗಿನಲ್ಲಿ ಸ್ಕೂಟರಿನ ಮೇಲೆ ಕೂತಿರುತ್ತಾರೆ, ಕಲಿಯುವವರು ಒಳಗೆ. ಸಂಘದ ಎಲೆಕ್ಷನ್ನಿನ ರಾಜಕೀಯವೂ ಅದೇ ಪಾರ್ಕಿಂಗಿನಲ್ಲಿ. ಐರೋಲಿಯ ತಂಗಿ ಬರೆದದ್ದು ಓದಿದಾಗ ನಮ್ಮ ಮಹಿಳಾ ವಿಭಾಗದವರು ವರ್ಷವಿಡೀ ಹೇಳುವುದೇ ನೆನಪಾಯಿತು: ಸಭೆಗೆ ಬರುವ ಮೊದಲೇ ನಿರ್ಣಯ ಆಗಿರುತ್ತದೆ.

ಐರೋಲಿ ಕೋಡು

ಹಾಗಾದರೆ ಆ ಹಿರಿಯರಿಗೆ ಹೇಳಿ, ಅರ್ಥಗಾರಿಕೆ ಪಾಠ ಪಾರ್ಕಿಂಗಿನಲ್ಲೇ ಇಡಲಿ, ಕೈಯಲ್ಲಿ ಸಿಗರೇಟು ಇಲ್ಲದೆ. ಮಕ್ಕಳು ಬರುತ್ತಾರೆ.

ಚೌಕಿಮನೆ

ಹೇಳಿದರೆ ನನಗೆ ಮುಂದಿನ ಆಟದಲ್ಲಿ ಬಲಗಳ ಸಣ್ಣ ಪಾತ್ರವೇ ಗತಿ.

ಡೊಂಬಿವಲಿ ಅಕ್ಕ

ಮೀಟಿಂಗ್ ಮುಗಿಸಿ ಬಂದೆ. ನಿಷೇಧ ಅಂತ ಹೇಳಲೇ ಇಲ್ಲ. ಬಾತ್‌ರೂಮ್ ಡಕ್ಟಿನ ವಿಷಯ ಎತ್ತಿದೆ, ಅತ್ತೆಯನ್ನೇ ಕರೆದುಕೊಂಡು ಹೋಗಿದ್ದೆ. ಅತ್ತೆ ಎದ್ದು ನಿಂತು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡಿದ ಮೇಲೆ ಕೆಳಗಿನ ಮನೆಯವರು ತಲೆ ಎತ್ತಲಿಲ್ಲ. ಬಾತ್‌ರೂಮಿನಲ್ಲಿ, ಬಾಲ್ಕನಿಯಲ್ಲಿ ಸೇದುವುದಿಲ್ಲ ಅಂತ ಒಪ್ಪಿದರು. ಬದಲಿಗೆ ಹಿಂಭಾಗದಲ್ಲಿ ಪಂಪ್ ರೂಮಿನ ಬದಿಗೆ ಮರಳು ತುಂಬಿದ ಬಕೆಟ್ ಇಟ್ಟು, ಅಲ್ಲಿ ಸೇದಬಹುದು ಅಂತ ಠರಾವು. ಎಲ್ಲರೂ ಕೈ ಎತ್ತಿದರು.

ಪರೇಲ್ ಸಿಸ್ಟರ್

ಒಳ್ಳೆಯದಾಯಿತು ಅಕ್ಕ. ಪಂಪ್ ರೂಮಿನ ಬದಿಗೆ ಏನಿದೆ?

ಡೊಂಬಿವಲಿ ಅಕ್ಕ

ವಾಚ್‌ಮನ್ ಕೋಣೆ. ಹೆಂಡತಿ, ಒಂದು ಮಗು ಇದ್ದಾರೆ.

ಗಲ್ಲಾದಣ್ಣ (ಮೀರಾ ರೋಡ್)

ಅಕ್ಕ, ಅವನನ್ನು ಮೀಟಿಂಗಿಗೆ ಕರೆದಿದ್ದಿರಾ?

ಡೊಂಬಿವಲಿ ಅಕ್ಕ

ಇಲ್ಲ. ಕುರ್ಚಿ ಹಾಕಿದವನು ಅವನೇ. ಮಿನಿಟ್ಸಿಗೆ ಇನ್ನೂ ಸಹಿ ಆಗಿಲ್ಲ. ಬಕೆಟ್ ಇಡಲು ಗೇಟಿನ ಬೇರೆ ಕಡೆ, ಜನರೇಟರ್ ಹಿಂದೆ ಒಂದು ಜಾಗ ಇದೆ, ಅಲ್ಲಿಂದ ಹೊಗೆ ಸೆಕ್ರೆಟರಿಯವರ ಬೆಡ್‌ರೂಮಿಗೆ ಹೋಗುತ್ತದೆ. ಅದನ್ನೇ ಬರೆಸಲು ನೋಡುತ್ತೇನೆ.